ತೆಕ್ಲಾಳಿಗೆಂದು ಬಿಟ್ಟ ಜಾಗ

‘ಬೆಚ್ಚನೆ ಕೋಣೆ’ ಎಂಬ ವಾದ್ಯತಂಡ ಹುಟ್ಟಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮ ಯುಖೀಮ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬೇರು, ನೆಲ, ಹಿರೀಕರು ಎಂದು ಶುರುಮಾಡುತ್ತಾನೆ. ಕೇಳಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಹುಟ್ಟಿದ್ದು ಕಲ್ಲಿದ್ದಲು ಸಾಲದೆ. ಹೀಗೆ ಹೇಳುವ ಹಕ್ಕು ನನಗಿದೆ, ಏಕೆಂದರೆ ಆ ಕಲ್ಲಿದ್ದಲನ್ನು ಒಲೆಗೆ ಹಾಕುತ್ತಿದ್ದವಳು ನಾನು. ನನ್ನ ಹೆಸರು ಪ್ರೀಸ್ಯಾ. ಊರಿನ ಸಂಸ್ಕೃತಿ ಭವನದ ಒಲೆಗಳಿಗೆ ಬೆಂಕಿ ಹಾಕಿ ಕೋಣೆ ಕಾಯಿಸುವುದು ನನ್ನ ಕೆಲಸ. ಹಾಡು ನನಗೆ ಬರುವುದಿಲ್ಲ. ಶಾಲೆಯಲ್ಲಿ ಎಲ್ಲರ ಜೊತೆ ದನಿಗೂಡಿಸಿದಾಗ ಮೇಷ್ಟ್ರು, “ನೀನು ಸುಮ್ನೆ ಬಾಯಿ ಆಡಿಸಮ್ಮ, ಸಾಕು” ಅಂದಿದ್ದರು. ಅಂದಿನಿಂದ ಬಾಯಿ ಆಡಿಸುತ್ತಲೇ ಇದ್ದೇನೆ, ಮಾತಿಗೆ.

ನಾನು ಹೇಳಹೊರಟಿರುವುದು ತೆಕ್ಲಾಳ ಕಥೆ. ತಂಡದ ಕಥೆ ಅದರೊಳಗೇ ಬರುತ್ತದೆ.

ತೆಕ್ಲಾ ಹಾವ್ರಿಶ್ ನಮ್ಮೂರ ಶಾಲೆಯ ಅಡುಗೆಯವಳು. ಕುಳ್ಳಗಿನ ದುಂಡು ಹೆಂಗಸು, ಕೈಗೆ ಸದಾ ಈರುಳ್ಳಿಯ ವಾಸನೆ. ಮಾತು ಎಷ್ಟು ಮೆಲ್ಲಗೆಂದರೆ ಪಕ್ಕದಲ್ಲಿ ನಿಂತವರೂ ‘ಏನಂದೆ?’ ಎಂದು ಎರಡು ಸಲ ಕೇಳಬೇಕು. ಅದೇ ಹೆಂಗಸು ಹಾಡಲು ಬಾಯಿ ತೆರೆದರೆ ವೋರ್ಸ್ಕ್ಲಾ ಹೊಳೆಯ ಆಚೆ ದಡದಲ್ಲಿ ಮೇಯುವ ಹಸುಗಳು ತಲೆ ಎತ್ತುತ್ತಿದ್ದವು. ನಮ್ಮ ಕಡೆಯ ಹಾಡುಗಳಲ್ಲಿ ಹೆಂಗಸರೆಲ್ಲ ಒಟ್ಟಾಗಿ ಕೆಳಗಿನ ದನಿಯಲ್ಲಿ ಸಾಗುತ್ತಾರೆ. ಒಬ್ಬಳು ಮಾತ್ರ ಅವರನ್ನು ಬಿಟ್ಟು ಮೇಲೆ ಹೋಗಿ ಅಲ್ಲಿ ಒಂಟಿಯಾಗಿ ಹಾಡುತ್ತಾಳೆ. ಹೊಲದಿಂದ ಹೊಲಕ್ಕೆ ಕೂಗುವ ಹಾಗೆ ಗಂಟಲು ತೆರೆದು ಹಾಡುವ ಆ ಮೇಲ್ದನಿ ಕಲಿಸಿ ಬರುವಂಥದ್ದಲ್ಲ. ಒಂದು ಬೀದಿಗೆ ಒಂದು ತಲೆಮಾರಿನಲ್ಲಿ ಒಬ್ಬಳು ಸಿಕ್ಕರೆ ಅದೇ ಪುಣ್ಯ. ನಮ್ಮ ಬೀದಿಗೆ ತೆಕ್ಲಾ ಸಿಕ್ಕಿದ್ದಳು.

ಅವಳ ಹಾಡುಗಳಲ್ಲೆಲ್ಲ ಹೆಸರಾಗಿದ್ದು ಕೊರೊವಾಯ್ ಹಾಡು. ಮದುವೆಗೆ ಮುಂಚೆ ಹೆಣ್ಣಿನ ಮನೆಯಲ್ಲಿ ಹೆಂಗಸರು ಸೇರಿ ದೊಡ್ಡ ಮರಿಗೆಯಲ್ಲಿ ಹಿಟ್ಟು ನಾದಿ, ಮೇಲೆ ಹಿಟ್ಟಿನದೇ ಹಕ್ಕಿ ಹೂವು ಕೂರಿಸಿ ಬೇಯಿಸುವ ಮದುವೆ ರೊಟ್ಟಿಯೇ ಕೊರೊವಾಯ್. ಅದು ಚೆನ್ನಾಗಿ ಉಬ್ಬಿದರೆ ಬಾಳು ಚೆನ್ನ, ಸೀಳು ಬಿಟ್ಟರೆ ಸಂಸಾರ ಸೀಳು. ನಾದುವಾಗ ಹಾಡಬೇಕು. ಹಾಡು ಒಮ್ಮೆ ಎತ್ತಿದರೆ ಕೊನೆ ಮುಟ್ಟಿಸಬೇಕು, ನಡುವೆ ನಿಂತರೆ ಆ ಹುಡುಗಿಯ ಬಾಳೂ ನಡುವೆ ನಿಲ್ಲುತ್ತದೆ ಎಂದು ನಮ್ಮ ಬೀದಿಯವರ ನಂಬಿಕೆ. ಮತ್ತೆ, ನಾದುವ ಕೈಗಳು ಮುತ್ತೈದೆಯರದ್ದೇ ಆಗಬೇಕು. ವಿಧವೆ ಮರಿಗೆ ಮುಟ್ಟುವಂತಿಲ್ಲ, ಆ ಕೋಣೆಗೇ ಬರುವಂತಿಲ್ಲ. ತೆಕ್ಲಾ ಎಷ್ಟೋ ವರ್ಷ ನಮ್ಮ ಬೀದಿಯ ಕೊರೊವಾಯ್‌ಗಳಿಗೆಲ್ಲ ಹಿರಿಯಳಾಗಿದ್ದಳು. ಎಷ್ಟು ಬೆಂದಿದೆ ಎಂದು ರೊಟ್ಟಿಯ ತಳಕ್ಕೆ ಬೆರಳ ಗೆಣ್ಣಿನಿಂದ ಬಡಿದು ಹೇಳುವವಳು ಅವಳೇ. ಅವಳ ಗಂಡ ಪನಾಸ್ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತ ಕೂತವನು ಮತ್ತೆ ಏಳಲಿಲ್ಲ. ಆಮೇಲೆ ಯಾರೂ ಅವಳನ್ನು ಬೇಡ ಅನ್ನಲಿಲ್ಲ, ಕರೆಯಲಿಲ್ಲ ಅಷ್ಟೆ. ಅವಳೂ ಕೇಳಲಿಲ್ಲ. ನನ್ನನ್ನಂತೂ ಮೊದಲಿಂದಲೂ ಕರೆದವರಿಲ್ಲ. ನಾನು ಮದುವೆಯೇ ಆಗದವಳು, ನನ್ನನ್ನು ಯಾವ ಲೆಕ್ಕಕ್ಕೆ ಹಾಕುವುದೆಂದು ಇವರಿಗೆ ಇವತ್ತಿಗೂ ತಿಳಿದಿಲ್ಲ.

ಸೋವಿಯತ್ತು ಹೋಗಿ ಕೆಲವು ವರ್ಷವಾಗಿತ್ತು. ಆ ಚಳಿಗಾಲ ಭವನಕ್ಕೆ ಬಂದ ಕಲ್ಲಿದ್ದಲು ಒಂದು ಕೋಣೆಗಷ್ಟೇ ಸಾಲುವಷ್ಟಿತ್ತು. ನಮ್ಮ ನಿರ್ದೇಶಕರು ಎಲ್ಲರೂ ಒಂದೇ ಕೋಣೆಯಲ್ಲಿ ಹೊಂದಿಕೊಳ್ಳಿ ಎಂದು ಹೇಳಿ ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ಹೋದರು. ಹಾಗಾಗಿ ಹೆಂಗಸರ ಹಾಡಿನ ಮೇಳವೂ ಗಿಟಾರಿನ ಹುಡುಗರೂ ನನ್ನ ಒಲೆಯ ಮುಂದೆ ಬಂದು ಬಿದ್ದರು. ಹುಡುಗರು ಮೂವರು. ಗಿಟಾರಿನ ಯುಖೀಮ್, ಡ್ರಮ್ಮಿನ ಲಾವ್ರಿನ್, ಮತ್ತು ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುವ ಜಖಾರ್, ಇವನು ಮಾತೇ ಆಡದವನು. ಹೆಂಗಸರ ಕಡೆಗೆ ಯಜಮಾನಿ ಹೊರ್ಪೀನಾ. ತೆಕ್ಲಾಳ ಪಕ್ಕದ ಮನೆಯವಳು, ಅಂಚೆ ಕಚೇರಿಯಲ್ಲಿ ಕೆಲಸ, ಊರೆಲ್ಲ ತನ್ನ ಮಾತು ಕೇಳಬೇಕೆನ್ನುವ ಸ್ವಭಾವ.

ಮೊದಲ ದಿನವೇ ಜಟಾಪಟಿ.

“ಇದು ಹಾಡೋ, ಇಲ್ಲ ಮರ ಕೊಯ್ಯೋ ಮಿಲ್ಲೋ?” ಅಂದಳು ಹೊರ್ಪೀನಾ, ಕಿವಿ ಮುಚ್ಚಿಕೊಂಡು.

“ನಮ್ಮದು ಬೇಗ ಮುಗಿಯುತ್ತೆ ಅತ್ತೆ,” ಅಂದ ಯುಖೀಮ್. “ನೀವು ಒಂದು ಹಾಡು ಮುಗಿಸೋ ಹೊತ್ತಿಗೆ ನನಗೆ ಮೀಸೆ ಬಂದಿರುತ್ತೆ.”

“ಬರ್ಲಿ ಬಿಡಪ್ಪ. ಆಗಲಾದ್ರೂ ಗಂಡಸು ಅಂತ ಗೊತ್ತಾಗುತ್ತೆ.”

ಹುಡುಗರು ಆಗ ಹೊರದೇಶದ ಹಾಡುಗಳನ್ನು ಅರ್ಥ ಗೊತ್ತಿಲ್ಲದೆ ಕಿರುಚುತ್ತಿದ್ದರು. ಹೆಂಗಸರು ತಮ್ಮ ಸರದಿಗೆ ಕಾಯುತ್ತ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದರು. ದಿನವೂ ಕೇಳಿ ಕೇಳಿ ಹುಡುಗರಿಗೆ ಹೆಂಗಸರ ಹಾಡು ಬಾಯಿಗೆ ಹತ್ತಿತು. ಬಾವಿಕಟ್ಟೆಯ ಹಾಡೊಂದನ್ನು ಛೇಡಿಸಲೆಂದೇ ಗಿಟಾರಿನಲ್ಲಿ ಕುಪ್ಪಳಿಸುವ ಹಾಗೆ ನುಡಿಸಲು ಶುರುಮಾಡಿದರು. ಹೊರ್ಪೀನಾ ಬೈಯಲು ಬಾಯಿ ತೆರೆದದ್ದೇ ತಡ, ಕರೆಂಟು ಹೋಯಿತು.

ಆ ಚಳಿಗಾಲ ಸಂಜೆಯಾದರೆ ಕರೆಂಟು ಹೋಗುವುದು ಹೊಸದೇನಲ್ಲ. ಕರೆಂಟಿನ ಗಿಟಾರುಗಳು ಸತ್ತವು. ಆದರೆ ಡ್ರಮ್ಮು ನಿಲ್ಲಲಿಲ್ಲ. ಲಾವ್ರಿನ್‌ಗೆ ಕಣ್ಣು ಮುಚ್ಚಿಕೊಂಡು ಬಾರಿಸುವ ಚಾಳಿ, ಕತ್ತಲಾದದ್ದೇ ಅವನಿಗೆ ಗೊತ್ತಾಗಲಿಲ್ಲ. ಒಲೆಯ ಬಾಗಿಲ ಸಂದಿಯಿಂದ ಬರುವ ಕೆಂಪು ಬೆಳಕಿನಲ್ಲಿ ನಾನು ನೋಡುತ್ತಿದ್ದೆ. ತೆಕ್ಲಾ ಬೀಜದ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು, ಗಿಟಾರು ಎಲ್ಲಿ ಕೈಬಿಟ್ಟಿತ್ತೋ ಅಲ್ಲಿಂದಲೇ ಹಾಡನ್ನು ಎತ್ತಿಕೊಂಡಳು. ಒಬ್ಬಳೇ, ಮೇಲಿನಿಂದ. ಅವಳ ಕೆಳಗೆ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಸೇರಿದರು. ಆ ಕುಪ್ಪಳಿಸುವ ತಾಳದ ಮೇಲೆ ಅಜ್ಜಿಯರ ಹಾಡು ಕೂತ ರೀತಿ ಕೇಳಿ ನನಗೆ ಒಲೆಗೆ ಕಲ್ಲಿದ್ದಲು ಹಾಕುವುದೇ ಮರೆತುಹೋಯಿತು. ಇದ್ದಕ್ಕಿದ್ದಂತೆ ಕರೆಂಟು ಬಂತು. ಯುಖೀಮನ ಬೆರಳುಗಳು ಅಷ್ಟು ಹೊತ್ತೂ ಸತ್ತ ತಂತಿಯ ಮೇಲೆ ಆಡುತ್ತಲೇ ಇದ್ದವೆಂದು ಕಾಣುತ್ತದೆ, ಗಿಟಾರು ಗುಡುಗಿಕೊಂಡು ಹಾಡಿನ ನಡುವೆ ಬಂದು ನಿಂತಿತು. ಗೋಡೆಯ ಸುಣ್ಣ ಉದುರಿತು.

ಹಾಡು ಮುಗಿಯಿತು.

“ಯುಖೀಮಾ,” ಅಂದಳು ಹೊರ್ಪೀನಾ ತಲೆಯ ಮೇಲಿನ ಸುಣ್ಣ ಕೊಡವುತ್ತ, “ಇನ್ನೊಂದ್ಸಲ ಕರೆಂಟ್ ತೆಗೆಸೋಕಾಗುತ್ತಾ ನೋಡು.”

ತಂಡ ಹುಟ್ಟಿದ್ದು ಹೀಗೆ. ಇವತ್ತಿಗೂ ಅವರ ಪ್ರತಿ ಹಾಡಿನಲ್ಲಿ ಗಿಟಾರುಗಳೆಲ್ಲ ದಿಢೀರನೆ ನಿಂತು, ಬರೀ ಡ್ರಮ್ಮು ಮತ್ತು ತೆರೆದ ಗಂಟಲಿನ ಒಂಟಿ ದನಿ ಉಳಿದು, ಆಮೇಲೆ ಎಲ್ಲವೂ ಒಟ್ಟಿಗೆ ಮೇಲೆ ಬೀಳುವ ಜಾಗವೊಂದು ಇರುತ್ತದೆ. ಪತ್ರಿಕೆಯವರು ಅದಕ್ಕೆ ಏನೇನೋ ದೊಡ್ಡ ಹೆಸರು ಕೊಟ್ಟಿದ್ದಾರೆ. ನಮ್ಮೂರಿನವರು ಅದನ್ನು ‘ಕರೆಂಟು ಹೋಗೋ ಜಾಗ’ ಅನ್ನುತ್ತಾರೆ.

ಆ ಜಾಗ ತೆಕ್ಲಾಳದ್ದು. ಮಧ್ಯಾಹ್ನ ಶಾಲೆಯ ಮಕ್ಕಳಿಗೆ ಬೀಟ್‌ರೂಟ್ ಸಾರು ಬಡಿಸಿ, ಹಂಡೆ ತೊಳೆದು, ಸಂಜೆ ಬಂದು ತಲೆಗೆ ಕಟ್ಟಿದ ವಸ್ತ್ರವನ್ನು ಬಿಗಿಮಾಡಿಕೊಂಡು ಗಿಟಾರಿನ ಹುಡುಗರ ನಡುವೆ ನಿಲ್ಲುತ್ತಿದ್ದಳು. ಗಂಡ ಹೋದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಆ ಕೋಣೆಯಲ್ಲೇ.

ಹೀಗಿರುವಾಗ ಯುಖೀಮ್ ಒಂದು ದಿನ ಹೆಂಗಸರನ್ನು ನಿಮಗೆ ಗೊತ್ತಿರುವುದರಲ್ಲೇ ತುಂಬ ಹಳೆಯ ಹಾಡು ಯಾವುದು ಎಂದು ಕೇಳಿದ. ಹೊರ್ಪೀನಾ ಹಿಂದೆಮುಂದೆ ನೋಡದೆ ಕೊರೊವಾಯ್ ಹಾಡು ಎತ್ತಿದಳು. ತೆಕ್ಲಾ ಎದ್ದಳು, ಖಾಲಿ ಬಕೆಟ್ ತೆಗೆದುಕೊಂಡು ನೀರು ತರುತ್ತೇನೆಂದು ಹೊರಟೇಹೋದಳು. ನನ್ನ ಒಲೆಯ ಪಕ್ಕ ತುಂಬಿದ ಬಕೆಟ್ ಕಣ್ಣೆದುರಿಗೇ ಇತ್ತು. ಮರುದಿನವೂ ಅದೇ ಹಾಡು, ಅದೇ ನೀರು.

ಯುಖೀಮ್ ನನ್ನ ಹತ್ತಿರ ಬಂದು ಒಲೆಗೆ ಕೈ ಕಾಯಿಸಿಕೊಳ್ಳುವ ನೆವ ಮಾಡಿದ. “ಪ್ರೀಸ್ಯಾ ಅತ್ತೆ, ತೆಕ್ಲಾ ಅತ್ತೆಗೆ ನಾವೇನಾದ್ರೂ ತಪ್ಪು ಮಾಡಿದ್ವಾ? ಮೇಲ್ದನಿ ಇಲ್ದೆ ಆ ಹಾಡು ಏಳ್ತಾನೇ ಇಲ್ಲ.”

ನಾನು ವಿಷಯ ಹೇಳಿದೆ.

“ಆದ್ರೆ ಇಲ್ಲಿ ಹಿಟ್ಟೂ ಇಲ್ಲ, ಮದುವೆಯೂ ಇಲ್ವಲ್ಲ.”

“ಅದನ್ನ ಅವಳಿಗೇ ಹೇಳು. ನನಗೆ ಹೇಳಿ ಏನು ಬಂತು?”

ಹೋಗಿ ಹೇಳಿಯೂ ಹೇಳಿದ ಪುಣ್ಯಾತ್ಮ. ತೆಕ್ಲಾ ಬಕೆಟ್ ಕೆಳಗಿಟ್ಟು ಅವನನ್ನೇ ನೋಡಿದಳು.

“ನನಗೆ ಆಸೆ ಇಲ್ಲ ಅಂದ್ಕೊಂಡ್ಯಾ ಮಗಾ? ಅದು ನನ್ನ ಹಾಡು. ಹಂಡೆ ತೊಳೀವಾಗ ಗಂಟಲ ತನಕ ಬರುತ್ತೆ, ನುಂಗ್ಕೋತೀನಿ. ನಾಳೆ ಯಾವ್ದಾದ್ರೂ ಹುಡುಗಿಗೆ ಹೆಚ್ಚುಕಮ್ಮಿ ಆದ್ರೆ ಊರು ನನ್ನ ಕಡೆ ಬೆರಳು ತೋರಿಸುತ್ತೆ. ಅದನ್ನಾದ್ರೂ ತಡ್ಕೋಬಹುದು. ನನಗೇ ಹಾಗನ್ನಿಸಿಬಿಟ್ರೆ ಏನು ಮಾಡ್ಲಿ ಹೇಳು.”

ಯುಖೀಮ್ ಮತ್ತೆ ಒತ್ತಾಯಿಸಲಿಲ್ಲ. ಆದರೆ ಹಟಮಾರಿ. ಮೇಲ್ದನಿಯನ್ನು ತಾನು ಎತ್ತುತ್ತೇನೆಂದು ಹೊರ್ಪೀನಾ ಮುಂದೆ ಬಂದಾಗ, “ಬೇಡ ಅತ್ತೆ, ಆ ಜಾಗ ಅವರದ್ದು. ಖಾಲಿ ಇರ್ಲಿ” ಅಂದ. ಹಾಗೇ ಹಾಡು ಕಟ್ಟಿದರು. ಕೊರೊವಾಯ್ ಹಾಡಿನ ನಡುವೆ, ಮೇಲ್ದನಿ ಏಳಬೇಕಾದಲ್ಲಿ ಗಿಟಾರು ನಿಲ್ಲುತ್ತದೆ, ಹೆಂಗಸರೂ ನಿಲ್ಲುತ್ತಾರೆ. ಡ್ರಮ್ಮು ಮಾತ್ರ ಮೆಲ್ಲಗೆ ನಡೆಯುತ್ತಿರುತ್ತದೆ. ಆಮೇಲೆ ಜಖಾರ್ ದಪ್ಪ ತಂತಿಯೊಂದನ್ನು ಮೀಟುತ್ತಾನೆ, ಹೆಂಗಸರು ಆ ದನಿಯನ್ನು ಹಿಡಿದು ಮತ್ತೆ ಹಾಡಿಗೆ ಹತ್ತುತ್ತಾರೆ. ಬೇಸಿಗೆಯಲ್ಲಿ ನಮ್ಮ ಸೀಮೆಯ ದೊಡ್ಡ ಪಟ್ಟಣ ಪೊಲ್ತಾವಾದ ಸಂಗೀತೋತ್ಸವದಲ್ಲಿ ಅದನ್ನು ಹಾಡಿದಾಗ ಜನ ಆ ಖಾಲಿ ಜಾಗದಲ್ಲಿ ಉಸಿರು ಬಿಗಿಹಿಡಿದಿದ್ದರು. ಉಳಿದ ಹಾಡುಗಳನ್ನೆಲ್ಲ ಹಾಡಿದ್ದ ತೆಕ್ಲಾ ಅದೊಂದಕ್ಕೆ ಕೆಳಗಿಳಿದು ನನ್ನ ಪಕ್ಕ ನಿಂತಿದ್ದಳು. ತುಟಿ ಬಿಗಿಯಾಗಿ ಮುಚ್ಚಿತ್ತು, ಕತ್ತಿನ ನರ ಮಾತ್ರ ಆಡುತ್ತಿತ್ತು. ಗಂಡ ಸತ್ತರೆ ನಾಲಿಗೆಯೂ ಸಾಯಬೇಕೆಂದು ಯಾವ ದೇವರು ಹೇಳಿದ್ದ?

ಇಷ್ಟರಲ್ಲಿ ಲಾವ್ರಿನ್‌ಗೂ ಹೊರ್ಪೀನಾಳ ಮಗಳು ಊಸ್ತ್ಯಾಳಿಗೂ ಕೂಡಿಬಂದಿತ್ತು. ತಾಯಿಗೆ ಶಾಲು ಕೊಟ್ಟುಹೋಗುವ ನೆಪದಲ್ಲಿ ಆ ಹುಡುಗಿ ಚಳಿಗಾಲವಿಡೀ ಭವನಕ್ಕೆ ಬಂದದ್ದೇ ಬಂದದ್ದು. ಹೊರ್ಪೀನಾಳಿಗೆ ಅಷ್ಟು ಶಾಲುಗಳಿವೆಯೆಂದು ಆಗಲೇ ನಮಗೆ ಗೊತ್ತಾಗಿದ್ದು. ಶರತ್ಕಾಲದ ಪೊಕ್ರೋವಾ ಹಬ್ಬ ಕಳೆದ ಮೇಲೆ ಮದುವೆ ಎಂದಾಯಿತು.

ಹೊರ್ಪೀನಾ ಬೇಲಿಯ ಹತ್ತಿರ ಬಂದು ತೆಕ್ಲಾಳನ್ನು ಕರೆದಳು. ನಾನು ಅಲ್ಲೇ ಇದ್ದೆ.

“ತೆಕ್ಲಾ, ಮದುವೆಗೆ ನೀನಿಲ್ದೆ ಆಗೋದಿಲ್ಲ. ಬಂದು ವಾದ್ಯದವರ ಜೊತೆ ಹಾಡು, ಕುಣಿ, ನನ್ನ ಗಂಡನ್ನ ಬೈ. ಆದ್ರೆ ಶುಕ್ರವಾರ ಹಿಟ್ಟು ನಾದೋ ದಿನ…”

“ಗೊತ್ತು ಬಿಡೇ. ಆವತ್ತು ನನಗೂ ಕುಂಬಳಕಾಯಿ ಹೆಚ್ಚೋದಿದೆ.”

“ಅಯ್ಯೋ ಮಾರಾಯ್ತಿ, ಮದುವೆ ಮನೇಲಿ ಕುಂಬಳಕಾಯಿ ಅನ್ಬೇಡ.” ಕೇಳಲು ಬಂದ ಗಂಡನ್ನು ಒಲ್ಲೆ ಎನ್ನಲು ನಮ್ಮಲ್ಲಿ ಹುಡುಗಿಯರು ಕೈಗೆ ಕೊಡುವುದೇ ಕುಂಬಳಕಾಯಿಯನ್ನು.

“ಸರಿ, ಸೇಬು ಹೆಚ್ತೀನಿ,” ಅಂದಳು ತೆಕ್ಲಾ. ನಕ್ಕಳು ಕೂಡ.

ಅವಳು ಒಳಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. “ಗಂಡ ಬದುಕಿದ್ದಾನೆ ಅನ್ನೋದೇ ನಿನ್ನ ಹೆಚ್ಚುಗಾರಿಕೆಯೇನೇ ಹೊರ್ಪೀನಾ? ಅವನು ಕುಡಿದು ಚರಂಡೀಲಿ ಬಿದ್ದಾಗ ಕೈಗಾಡೀಲಿ ಹಾಕ್ಕೊಂಡು ತಂದಿದ್ದು ನಾನು.”

ಅವಳು ಜಗಳಕ್ಕೆ ಬರುತ್ತಾಳೆಂದುಕೊಂಡಿದ್ದೆ. ಬರಲಿಲ್ಲ. “ನನಗಿರೋದು ಒಬ್ಬಳೇ ಮಗಳು ಪ್ರೀಸ್ಯಾ,” ಅಂದಳು. “ತೆಕ್ಲಾ ನನಗೆ ಅಕ್ಕನ ಹಾಗೆ. ಆದ್ರೆ ನನಗೆ ಧೈರ್ಯ ಇಲ್ಲ.”

ನಾನು ಮನೆಯ ಕಡೆ ನಡೆದೆ.

ಶುಕ್ರವಾರ ಬೆಳಿಗ್ಗೆ ಹೊರ್ಪೀನಾಳ ಮನೆಯ ಒಲೆಗೆ ಸೌದೆ ಒಡೆದು ಕೊಡಲು ನನ್ನನ್ನು ಕರೆದಿದ್ದಳು. ಸೌದೆ ಒಡೆಯುವುದಕ್ಕೆ ಮುತ್ತೈದೆಯೇ ಆಗಬೇಕೆಂದಿಲ್ಲವಲ್ಲ. ಒಳಗೆ ನಮ್ಮ ಮೇಳದ ಹೆಂಗಸರೇ ಹೊಸ ತಲೆವಸ್ತ್ರ ಕಟ್ಟಿಕೊಂಡು ಮರಿಗೆಯ ಸುತ್ತ ನಿಂತಿದ್ದರು. ಒಲೆಯ ಕಾವಿಗೆ ಕಿಟಕಿಯ ಮೇಲಿನ ಚಿಕ್ಕ ರೆಕ್ಕೆಯನ್ನಷ್ಟೇ ತೆರೆದಿದ್ದರು. ಅಂಗಳದಲ್ಲಿದ್ದ ನನಗೆ ಎಲ್ಲವೂ ಕೇಳುತ್ತಿತ್ತು. ಬೇಲಿಯಾಚೆ ತನ್ನ ಅಂಗಳದಲ್ಲಿ ತೆಕ್ಲಾ ಬೋಗುಣಿ ಇಟ್ಟುಕೊಂಡು ಒಣಗಿಸಲು ಸೇಬು ಹೆಚ್ಚುತ್ತ ಕೂತಿದ್ದಳು. ಮನೆಯೊಳಗೆ ಕೂತು ಹೆಚ್ಚಬಹುದಿತ್ತು. ಕೂರಲಿಲ್ಲ.

ಹಾಡು ಶುರುವಾಯಿತು. ಹಿಟ್ಟು ಒತ್ತಿದಾಗ ಒಂದು ಸಾಲು, ಮಗುಚಿದಾಗ ಒಂದು ಸಾಲು. ಕೆಳದನಿಗಳು ತುಂಬಿಕೊಂಡು ಚೆನ್ನಾಗಿಯೇ ಸಾಗುತ್ತಿದ್ದವು. ಹಾಡು ನಡುವಿಗೆ ಬಂತು, ಮೇಲ್ದನಿ ಏಳಬೇಕಾದಲ್ಲಿಗೆ. ಅಲ್ಲಿ ಎಲ್ಲರೂ ಒಟ್ಟಿಗೇ ನಿಂತುಬಿಟ್ಟರು.

ಚಳಿಗಾಲದಿಂದಲೂ ತಂಡದ ಜೊತೆ ಹಾಡಿ ಹಾಡಿ ಅಭ್ಯಾಸವಾಗಿಹೋಗಿತ್ತು. ಅದು ಕರೆಂಟು ಹೋಗುವ ಜಾಗ. ತೆಕ್ಲಾಳಿಗೆಂದು ಬಿಟ್ಟ ಜಾಗ. ಯಾರೂ ಬೇಕೆಂದು ನಿಲ್ಲಿಸಲಿಲ್ಲ, ಬಾಯಿಗಳೇ ತಾವಾಗಿ ಮುಚ್ಚಿಕೊಂಡವು. ಅಲ್ಲಿ ನಡೆಸಿಕೊಂಡು ಹೋಗಲು ಲಾವ್ರಿನ್‌ನ ಡ್ರಮ್ಮಿರಲಿಲ್ಲ, ಕೈಹಿಡಿದು ಹತ್ತಿಸಲು ಜಖಾರನ ತಂತಿಯೂ ಇರಲಿಲ್ಲ. ನಾದುವ ಕೈಗಳು ನಿಂತವು. ನಾನು ಸೌದೆ ಹೊತ್ತುಕೊಂಡು ಬಾಗಿಲಿಗೆ ಬಂದಿದ್ದೆ. ಹೊರ್ಪೀನಾಳ ಮುಖ ನೋಡಿದೆ, ಹಿಟ್ಟಿಗಿಂತ ಬೆಳ್ಳಗಾಗಿತ್ತು. ಬಾಯಿ ತೆರೆದಳು, ಒಡಕು ದನಿಯೊಂದು ಬಂತು, ಅದು ಹಾಡಿನದ್ದಲ್ಲ. ಮತ್ತೆ ಮುಚ್ಚಿದಳು. ಅವಳ ನಾದಿನಿ ಹಿಟ್ಟಿನ ಕೈಯಲ್ಲೇ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಮಗಳ ಕೊರೊವಾಯ್ ಹಾಡು ನಡುವೆ ಮುರಿದು ನಿಂತಿತ್ತು.

ನಾನು ತಿರುಗಿ ಬೇಲಿಯ ಕಡೆ ನೋಡಿದೆ. ತೆಕ್ಲಾ ಎದ್ದು ನಿಂತಿದ್ದಳು, ಒಂದು ಕೈಯಲ್ಲಿ ಸೇಬು, ಇನ್ನೊಂದರಲ್ಲಿ ಚಾಕು. ನನ್ನನ್ನು ನೋಡಿದಳು. ಹಾಡಿದರೆ ವಿಧವೆಯ ದನಿ ಮದುವೆಯ ಹಿಟ್ಟಿಗೆ ಬೀಳುತ್ತದೆ. ಸುಮ್ಮನಿದ್ದರೆ ಊಸ್ತ್ಯಾಳ ಹಾಡು ಮುರಿದೇ ಹೋಗುತ್ತದೆ. ತೂಗಿ ನೋಡಲು ಅವಳಿಗೆ ಒಂದು ಉಸಿರಿನಷ್ಟು ಹೊತ್ತೂ ಇರಲಿಲ್ಲ. ನನಗಾದರೂ ಹಾಡಲು ಬಂದಿದ್ದರೆ ಎಂದು ಜೀವಮಾನದಲ್ಲಿ ಅನ್ನಿಸಿದ್ದು ಆವತ್ತೊಂದೇ ದಿನ. ಅವಳು ಚಾಕುವನ್ನು ಬೋಗುಣಿಗೆ ಹಾಕಿದಳು, ಕೈಯನ್ನು ಸೊಂಟಕ್ಕೆ ಕಟ್ಟಿದ ಅಡುಗೆ ಬಟ್ಟೆಗೆ ಒರೆಸಿಕೊಂಡಳು, ಗಂಟಲು ತೆರೆದಳು.

ಆ ದನಿ ಬೇಲಿ ದಾಟಿ, ನನ್ನ ತಲೆಯ ಮೇಲಿಂದ ಹಾದು ಕಿಟಕಿಯ ತೆರೆದ ರೆಕ್ಕೆಯಿಂದ ಒಳಗೆ ಹೋಯಿತು. ವರ್ಷಗಟ್ಟಲೆ ನುಂಗಿಕೊಂಡಿದ್ದ ಹಾಡು. ಸ್ವಲ್ಪವೂ ನಡುಗಲಿಲ್ಲ. ಒಳಗೆ ಮೊದಲು ಯಾರೋ ಒಬ್ಬಳು ಬಿಕ್ಕಿದಳು, ಆಮೇಲೆ ಹೊರ್ಪೀನಾಳ ದನಿ ಕೆಳಗಿನಿಂದ ಬಂದು ಸೇರಿತು, ಅದರ ಹಿಂದೆ ಎಲ್ಲರದ್ದೂ. ಕೈಗಳು ಮತ್ತೆ ಹಿಟ್ಟಿಗಿಳಿದವು. ನಾನು ಸೌದೆ ಇಳಿಸುವುದನ್ನೂ ಮರೆತು ಅಲ್ಲೇ ನಿಂತು ಅತ್ತೆ. ಹಾಡು ಕೊನೆ ಮುಟ್ಟಿತು.

ಹೊರ್ಪೀನಾ ಮೊಣಕೈವರೆಗೂ ಹಿಟ್ಟು ಮೆತ್ತಿದ ತೋಳುಗಳನ್ನು ಮುಂದೆ ಚಾಚಿಕೊಂಡು ಹೊರಗೆ ಬಂದಳು.

“ಅಷ್ಟು ಮೇಲಕ್ಕೆ ಯಾಕೆ ಎತ್ತಿದ್ಯೇ? ನಾವೇನು ಇನ್ನೂ ಹುಡುಗೀರಾ?”

“ನಿಮಗೇನಾಗಿತ್ತು ನಿಲ್ಸೋಕೆ?” ಅಂದಳು ತೆಕ್ಲಾ. ದನಿ ಮತ್ತೆ ಮೊದಲಿನಂತೆ ತಗ್ಗಿತ್ತು. “ಹಿಟ್ಟಿಗೇನಾದ್ರೂ ಆದ್ರೆ ನನ್ನ ಮೇಲೆ ಹಾಕ್ಬೇಡ ಹೊರ್ಪೀನಾ. ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ.”

ಹೊರ್ಪೀನಾ ನೆಲ ನೋಡಿದಳು. “ಇನ್ನೂ ಎರಡು ಹಾಡಿದೆ. ಒಳಗೆ ಬಾ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ, ಬೈಬೇಡ. ಕಿಟಕಿ ಪೂರ್ತಿ ತೆಗೆದಿಡ್ತೀನಿ. ಹತ್ರ ಬಂದು ನಿಲ್ತೀಯಾ?”

ನಾನಾಗಿದ್ದರೆ ನಿನ್ನ ಕಿಟಕಿ ನೀನೇ ಇಟ್ಟುಕೋ ಎನ್ನುತ್ತಿದ್ದೆ. ತೆಕ್ಲಾ ಬೇಲಿಯ ಗೇಟು ತೆಗೆದುಕೊಂಡು ಬಂದಳು. ಕೊರೊವಾಯ್ ಒಲೆಯೊಳಗೆ ಹೋಗುವ ತನಕ ಆ ಚಳಿಗಾಳಿಯಲ್ಲಿ ಕಿಟಕಿಯ ಹೊರಗೆ ನಿಂತು ಹಾಡಿದಳು.

ಭಾನುವಾರ ಮದುವೆ. ಮದುಮಗನೇ ಡ್ರಮ್ಮಿನವನಾದ್ದರಿಂದ ವಾದ್ಯದವರ ಪಾಡು ಕಷ್ಟವಿತ್ತು. ಲಾವ್ರಿನ್ ಹೆಂಡತಿಯ ಪಕ್ಕದಿಂದ ಆಗಾಗ ಎದ್ದು ಓಡಿಬಂದು ಒಂದಿಷ್ಟು ಬಾರಿಸಿ ಹೋಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ಹೊರ್ಪೀನಾ ಒಬ್ಬಳನ್ನು ಬಿಟ್ಟು. ಅವಳು ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹಾಡು ನಿಂತದ್ದೂ ಬೇಲಿಯಾಚೆಯಿಂದ ದನಿ ಬಂದದ್ದೂ ಊರಿಗೆಲ್ಲ ಗೊತ್ತಾಗಿ, ತಲೆಗೊಂದು ಮಾತು ಆಡುತ್ತಿದ್ದರು. ಕೊರೊವಾಯ್ ನೋಡಲು ಚೆನ್ನಾಗಿತ್ತು, ಸೀಳು ಬಿಟ್ಟಿರಲಿಲ್ಲ. ಒಳಗೆ ಹೇಗಿದೆಯೋ ಯಾರಿಗೆ ಗೊತ್ತು.

ಮದುವೆಯ ಹಿರಿಯರು ಅದನ್ನು ಕೊಯ್ದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ತುಂಡು ಕೊಟ್ಟರು. ಮೇಲಿನ ಹಕ್ಕಿ ಹೂವು ಮದುಮಕ್ಕಳಿಗೆ, ನಡುವಿನದ್ದು ನೆಂಟರಿಗೆ. ತಳದ ತುಂಡು ವಾದ್ಯದವರ ಪಾಲು, ಅದು ಹಿಂದಿನಿಂದ ಬಂದ ಪದ್ಧತಿ. ಅದನ್ನು ಬೇರೆ ಯಾರ ಕೈಗೂ ಕೊಡದೆ ಹೊರ್ಪೀನಾ ತಾನೇ ಕಸೂತಿ ವಸ್ತ್ರದ ಮೇಲಿಟ್ಟುಕೊಂಡು ವಾದ್ಯದವರ ಬೆಂಚಿಗೆ ಬಂದಳು. ಯುಖೀಮ್ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ತೆಕ್ಲಾಳ ಮುಂದೆ ಹಿಡಿದಳು.

“ವಾದ್ಯದವರ ಪಾಲು,” ಅಂದಳು.

ತೆಕ್ಲಾ ತುಂಡನ್ನು ತೆಗೆದುಕೊಂಡು ಮಗುಚಿದಳು. ಬೆರಳ ಗೆಣ್ಣಿನಿಂದ ತಳಕ್ಕೆ ಬಡಿದು ಕಿವಿಗೊಟ್ಟು ಕೇಳಿದಳು. ಮುರಿದು ಒಳಗನ್ನು ಬೆಳಕಿಗೆ ಹಿಡಿದು ನೋಡಿದಳು. ಸುತ್ತಲಿನ ಹೆಂಗಸರೆಲ್ಲ ಕತ್ತು ಚಾಚಿದ್ದರು. ಒಂದು ಚೂರು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದು ಏನೋ ಹೇಳಿದಳು.

“ಏನಂದೆ?” ಅಂದಳು ಹೊರ್ಪೀನಾ.

“ಬೆಂದಿದೆ ಅಂದೆ. ಎಲ್ಲೂ ಹಸಿ ಇಲ್ಲ. ನಿನ್ನ ಮಗಳು ಚೆನ್ನಾಗಿರ್ತಾಳೆ.”

ಹೊರ್ಪೀನಾ ಅಲ್ಲೇ ಬೆಂಚಿನ ಮೇಲೆ, ಗಿಟಾರನ್ನು ಪಕ್ಕಕ್ಕೆ ತಳ್ಳಿ ಕುಸಿದು ಕೂತು, ಮುಖ ಮುಚ್ಚಿಕೊಂಡು ಅಳತೊಡಗಿದಳು. ತೆಕ್ಲಾ ತನ್ನ ತುಂಡನ್ನು ಮುರಿದು ಅರ್ಧವನ್ನು ಅವಳ ಕೈಗೆ ತುರುಕಿದಳು.

“ತಗೋ, ತಿನ್ನು. ಅಳ್ತಾ ತಿನ್ಬೇಡ, ಗಂಟಲಿಗೆ ಸಿಕ್ಕುತ್ತೆ.”